ನಾಗರಿಕರ ಸಂಜೆ

ನಗರಜೀವನದಲ್ಲಿ ಸುಖವೇನುಂಟು ಎಂದು ಕೇಳಿದರೆ ನಮ್ಮಲ್ಲಿ ಎರಡು ಬಗೆಯ ಉತ್ತರಗಳು ಬಹುಕಾಲದಿಂದ ರೂಢಿಯಲ್ಲಿವೆ. ಹಳ್ಳಿಯಲ್ಲಿ ಉಳಿದ ಹಿರಿಯರು ನಗರವೆಂದರೆ ದುಂದು, ಗದ್ದಲ, ನೆರೆಮನೆಯವನ ಹೆಸರೂ ತಿಳಿಯದ ಬಾಳು ಎನ್ನುತ್ತಾರೆ. ನಗರಕ್ಕೆ ಹೋಗಿ ನೆಲಸಿದ ಅವರ ಮಕ್ಕಳು ನಾಟಕ, ಸಂಗೀತ, ಒಳ್ಳೆಯ ಉಡಿಗೆ, ಹೋಟೆಲಿನ ತಿಂಡಿ, ಮನಸ್ಸಿಗೆ ಒಪ್ಪುವ ಗೆಳೆಯರು, ಇವೆಲ್ಲ ಊರಿನಲ್ಲಿ ಎಲ್ಲಿವೆ ಎಂದು ಕೇಳುತ್ತಾರೆ. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವಿದೆ. ಆದರೆ ಇಬ್ಬರೂ ಗಮನಿಸದ ಸಂಗತಿಯೊಂದುಂಟು: ಮಕ್ಕಳು ಹೇಳುವ ಸುಖಗಳೆಲ್ಲವೂ ಸಂಜೆಯ ಸುಖಗಳು. ಹಗಲು ನಗರದಲ್ಲಿಯೂ ಹಳ್ಳಿಯಲ್ಲಿಯೂ ದುಡಿಮೆಗೇ ಹೋಗುತ್ತದೆ. ದುಡಿಮೆ ಮುಗಿದ ಮೇಲೆ, ನಿದ್ದೆ ಬರುವುದಕ್ಕೆ ಮುಂಚೆ ಉಳಿಯುವ ಮೂರು ನಾಲ್ಕು ಗಂಟೆಗಳನ್ನು ಹಿಗ್ಗಿಸಿ, ಬೆಳಗಿಸಿ, ಹತ್ತು ಜನರೊಡನೆ ಕಳೆಯುವಂತೆ ಮಾಡುವ ಏರ್ಪಾಟಿಗೇ ನಗರವೆಂದು ಹೆಸರು ಎಂದರೆ ಅತಿಶಯೋಕ್ತಿಯಾಗಲಾರದು.

ಈ ಏರ್ಪಾಟು ಹೇಗೆ ನಡೆಯುತ್ತದೆ, ಅದರ ವೆಚ್ಚವನ್ನು ಹೊರುವವರಾರು ಎಂಬುದನ್ನು ವಿಚಾರಮಾಡಲು ಬೆಂಗಳೂರಿಗಿಂತಲೂ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸೀಮೆಯೇ ನಮಗೆ ಹೆಚ್ಚು ಅನುಕೂಲವಾಗಿ ತೋರುತ್ತದೆ. ಅಲ್ಲಿ ದೊಡ್ಡ ನಗರವೊಂದೂ ಇಲ್ಲ. ಅಡಕೆಯ ತೋಟ, ಗದ್ದೆ, ಕಾಡು, ಶರಾವತಿಯ ಹಿನ್ನೀರು, ನಡುನಡುವೆ ಸಣ್ಣ ಪೇಟೆಗಳು, ಇಷ್ಟೇ. ದೊಡ್ಡ ಯಂತ್ರದ ಒಳಗನ್ನು ತಿಳಿಯಬೇಕಾದವನು ಅದೇ ಕೆಲಸ ಮಾಡುವ ಸಣ್ಣ ಯಂತ್ರವನ್ನು ಮೊದಲು ಬಿಚ್ಚಿ ನೋಡುವಂತೆ ನಾವೂ ನೋಡೋಣ.

ಮೊದಲು ಶಬ್ದದ ಮಾತು. ‘ನಾಗರಿಕ’ ಎಂಬುದನ್ನು ಈಗ ನಾವು ಓಟು ಹಾಕುವ, ತೆರಿಗೆ ಕೊಡುವ ಪ್ರಜೆಯೆಂಬ ಅರ್ಥದಲ್ಲಿ ಬಳಸುತ್ತೇವೆ. ಪೂರ್ವಕಾಲದಲ್ಲಿ ಈ ಮಾತಿಗೆ ರಸಿಕನೆಂಬ ಅರ್ಥವೇ ಮುಂದಾಗಿತ್ತು. ವಾತ್ಸ್ಯಾಯನನ ಕಾಮಸೂತ್ರದಲ್ಲಿ ಇಂಥವನ ದಿನಚರಿಗಾಗಿಯೇ ಒಂದು ಅಧ್ಯಾಯವಿದೆ. ಪುಸ್ತಕದ ಹೆಸರು ಕೇಳಿ ಸಂಕೋಚಪಡಬೇಕಾದ ಕಾರಣವಿಲ್ಲ. ಆ ಅಧ್ಯಾಯದಲ್ಲಿ ಇರುವುದು ಸ್ನಾನ, ಗಂಧ, ತಾಂಬೂಲ, ಪಂಜರದ ಗಿಳಿಗೆ ಮಾತು ಕಲಿಸುವುದು, ಮಧ್ಯಾಹ್ನದ ಮೇಲೆ ಅಲಂಕರಿಸಿಕೊಂಡು ಗೋಷ್ಠಿಗೆ ಹೋಗುವುದು, ಸಂಜೆ ಸಂಗೀತ ಕೇಳುವುದು, ಇಂತಹ ಸಾಧುವಾದ ವಿಷಯಗಳೇ. ಪಕ್ಷಕ್ಕೋ ತಿಂಗಳಿಗೋ ಒಮ್ಮೆ ಗೊತ್ತಾದ ದಿನದಲ್ಲಿ ಸರಸ್ವತಿಯ ಮಂದಿರದಲ್ಲಿ ಎಲ್ಲರೂ ಸೇರುತ್ತಾರೆ. ಹೊರಗಿನಿಂದ ಬಂದ ನಟರು ಅಲ್ಲಿ ಆಟವಾಡಿ ತೋರಿಸುತ್ತಾರೆ. ಮರುದಿನ ಅವರಿಗೆ ಸಲ್ಲಬೇಕಾದ ಹಣ ಸಲ್ಲುತ್ತದೆ. ಮೆಚ್ಚಿದರೆ ಇನ್ನೊಂದು ಆಟ, ಇಲ್ಲವಾದರೆ ಬೀಳ್ಕೊಡುಗೆ. ಗೋಷ್ಠಿಯಲ್ಲಿ ಪೂರ್ತಿ ಸಂಸ್ಕೃತದಲ್ಲಿಯೂ ಮಾತನಾಡಬಾರದು, ಪೂರ್ತಿ ದೇಶಭಾಷೆಯಲ್ಲಿಯೂ ಮಾತನಾಡಬಾರದು, ಆಗಲೇ ಜನರ ಮನ್ನಣೆ ದೊರೆಯುವುದು ಎಂದು ಆತ ಸಲಹೆ ಕೊಡುತ್ತಾನೆ. ಸಂಸ್ಕೃತದ ಸ್ಥಾನಕ್ಕೆ ಇಂಗ್ಲಿಷನ್ನು ತಂದರೆ ಇದು ನಮ್ಮ ಕಾಲದ ಬೆಂಗಳೂರಿನ ಮಾತುಕತೆಗೆ ಯಥಾವತ್ತಾಗಿ ಹೊಂದುತ್ತದೆ.

ಅಲ್ಲಿಯೇ ಇನ್ನೆರಡು ವಾಕ್ಯಗಳಿವೆ. ಅವು ನಮ್ಮ ವಿಷಯಕ್ಕೆ ಬಹಳ ಮುಖ್ಯ. ಗೋಷ್ಠಿಯ ಜೊತೆಗಾರರು ವಿದ್ಯೆ, ಬುದ್ಧಿ, ಶೀಲ, ಹಣ, ವಯಸ್ಸು, ಇವುಗಳಲ್ಲಿ ಸಮಾನರಾಗಿರಬೇಕು ಎಂಬುದು ಒಂದು. ಹಳ್ಳಿಯಲ್ಲಿ ವಾಸಿಸುವವನು ತನ್ನ ಜಾತಿಯವರಲ್ಲಿಯೇ ಚುರುಕಾದ, ಕುತೂಹಲವುಳ್ಳ ಜನರನ್ನು ಹುರಿದುಂಬಿಸಿ, ನಗರದವರ ರೀತಿಯನ್ನು ವರ್ಣಿಸಿ, ಅದನ್ನೇ ಅನುಕರಿಸುತ್ತ ತನ್ನೂರಿನಲ್ಲಿಯೂ ಗೋಷ್ಠಿಗಳನ್ನು ನಡೆಸಬೇಕು ಎಂಬುದು ಇನ್ನೊಂದು. ಸಂಜೆಯ ಸುಖ ಹಳ್ಳಿಗೂ ಬರಬಹುದೆಂದು ಒಪ್ಪಿದ್ದು ವಾತ್ಸ್ಯಾಯನನ ಔದಾರ್ಯ. ಆದರೆ ಅದು ಅನುಕರಣದಿಂದ ಬರಬೇಕು, ಸಮಾನರ ನಡುವೆ, ಒಂದೇ ಜಾತಿಯವರ ನಡುವೆ ಉಳಿಯಬೇಕು ಎಂದು ಬಾಗಿಲನ್ನು ಅರ್ಧ ಮುಚ್ಚಿಯೇ ಇಟ್ಟಿದ್ದಾನೆ. ಆ ಬಾಗಿಲು ಸಾಗರದ ಸೀಮೆಯಲ್ಲಿ ಎಷ್ಟರಮಟ್ಟಿಗೆ ತೆರೆಯಿತು ಎಂಬುದನ್ನು ಮುಂದೆ ನೋಡಬಹುದು.

ಈ ಸೀಮೆಗೆ ನಗರವೆಂಬುದು ಹೊಸದೇನೂ ಅಲ್ಲ. ಕೆಳದಿಯ ಅರಸರ ರಾಜಧಾನಿ ಕೆಳದಿಯಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಬಿದನೂರಿಗೆ ಬಂದಿತು. 1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದು ಹೈದರನಗರವೆಂದು ಕರೆದ. ಕಾಲಕ್ರಮದಲ್ಲಿ ಮುಂದಿನ ಮಾತು ಉದುರಿ ಬರಿಯ ‘ನಗರ’ ಉಳಿಯಿತು. ಈಗ ಹೊಸನಗರ ತಾಲ್ಲೂಕಿನಲ್ಲಿ ನಗರವೆಂಬ ಹೆಸರಿನ ಒಂದು ಸಣ್ಣ ಊರಿದೆ. ಕೋಟೆ, ಕೆರೆ, ಅದಕ್ಕೆ ಸಮೀಪದಲ್ಲಿ ಅರಸರ ಜಲಕ್ರೀಡೆಗೆಂದು ಕಲ್ಲಿನಲ್ಲಿ ಕಟ್ಟಿದ ದೇವಗಂಗೆಯ ಕೊಳಗಳು ಇವೆ. ನಗರವೆಂಬ ಹೆಸರೊಂದನ್ನು ಉಳಿಸಿ ಉಳಿದುದನ್ನೆಲ್ಲ ಕಾಲ ಹೊತ್ತುಕೊಂಡು ಹೋದ ಊರು ಕನ್ನಡನಾಡಿನಲ್ಲಿ ಇನ್ನೊಂದಿರಲಾರದು.

ಆ ಸಂಜೆಗಳು ಹೇಗಿದ್ದುವು ಎಂಬುದಕ್ಕೆ ಕಣ್ಣಾರೆ ಕಂಡವರ ಒಂದು ಸಾಕ್ಷ್ಯವಿದೆ. 1623ರಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿ, ಗೋವೆಯಿಂದ ವೆಂಕಟಪ್ಪನಾಯಕನ ಆಸ್ಥಾನಕ್ಕೆ ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆಗೂಡಿ ಇಕ್ಕೇರಿಗೆ ಬಂದ. ಅಲ್ಲಿಯ ಬೀದಿಗಳಲ್ಲಿ ತರುಣಿಯರು ಗುಂಪುಗುಂಪಾಗಿ ಬರುವುದನ್ನು ಕಂಡು ಅವರ ಉಡಿಗೆಯನ್ನು ದರ್ಜಿಯ ಎಚ್ಚರದಿಂದ ಬಣ್ಣಿಸಿದ್ದಾನೆ: ಸೊಂಟದಿಂದ ಕೆಳಗೆ ಚಿತ್ರಕೆಲಸದ ರೇಷ್ಮೆ, ಹೆಗಲ ಮೇಲೆ ಹೊದಿಕೆ, ತಲೆಯ ಮೇಲೆ ಸೂರ್ಯನ ಕಿರಣಗಳಂತೆ ಚಾಚಿದ ಹಳದಿ ಬಿಳಿ ಹೂಗಳ ಕಿರೀಟ. ಪ್ರತಿಯೊಬ್ಬಳ ಎರಡು ಕೈಯಲ್ಲಿಯೂ ಬಣ್ಣ ಹಚ್ಚಿದ ಗೇಣುದ್ದದ ಕೋಲು. ವಾದ್ಯದ ತಾಳಕ್ಕೆ ಅವನ್ನು ತಟ್ಟುತ್ತ, ಒಬ್ಬಳು ಪದ ಹೇಳಿದರೆ ಉಳಿದವರು ‘ಕೋಲೆ’ ಎಂದು ಏಳೆಂಟು ಸಲ ಉತ್ತರಿಸುತ್ತಿದ್ದರು. ಕೋಲಾಟವನ್ನು ಕಂಡ ಯಾವ ಕನ್ನಡಿಗನಿಗೂ ಇದರ ಗುರುತು ಹತ್ತದೆ ಇರದು. ಕಲೆಯೂ ಉಡಿಗೆಯೂ ಗೆಳೆತನವೂ ಇಲ್ಲಿ ಬೇರೆಬೇರೆಯಾಗಿರಲಿಲ್ಲ. ಸಿಂಗರಿಸಿಕೊಂಡದ್ದು ಕುಣಿಯುವುದಕ್ಕೆ, ಕುಣಿದದ್ದು ಜೊತೆಯವರೊಡನೆ. ಈಗಿನ ನಗರದಲ್ಲಿ ಒಂದೊಂದನ್ನೂ ಬೇರೆ ಬೇರೆ ಅಂಗಡಿಯಲ್ಲಿ ಕೊಳ್ಳಬೇಕಾಗಿದೆ. ಕೊಂಡ ಬಟ್ಟೆಯನ್ನು ತೊಟ್ಟು ಹೋಗಲು ಎಡೆಯಿಲ್ಲದೆ ಪೆಟ್ಟಿಗೆಯಲ್ಲಿಡುವವರು, ಟಿಕೆಟ್ಟು ಕೊಂಡು ನೋಡಿದ ನಾಟಕದ ಮಾತನ್ನು ಯಾರೊಡನೆಯೂ ಆಡದೆ ಮನೆಗೆ ಹಿಂತಿರುಗುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ರಾಜಧಾನಿ ಹೋದ ಮೇಲೆ ಈ ಸೀಮೆಗೆ ಉಳಿದದ್ದು ವರ್ಷಕ್ಕೊಮ್ಮೆಯೋ ಮೂರು ವರ್ಷಕ್ಕೊಮ್ಮೆಯೋ ಬಂದು ಹೋಗುವ ನಗರ. ತೀರ್ಥಹಳ್ಳಿಯಲ್ಲಿ ತುಂಗೆಯ ದಡದ ಎಳ್ಳಮಾವಾಸ್ಯೆಯ ಜಾತ್ರೆ, ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬೆಯ ಜಾತ್ರೆ. ಜಾತ್ರೆಯೆಂದರೆ ದೇವರ ದರ್ಶನ ಮಾತ್ರವಲ್ಲವಷ್ಟೆ. ವೃತ್ತಿನಾಟಕದ ಕಂಪನಿಗಳು ಬಂದು ಡೇರೆ ಹಾಕುತ್ತವೆ. ಬಳೆಯ ಅಂಗಡಿ, ಬಟ್ಟೆಯ ಅಂಗಡಿ, ಮಿಠಾಯಿಯ ಸಾಲು, ತವರಿಗೆ ಬಂದ ಹೆಣ್ಣುಮಕ್ಕಳು, ವರ್ಷಗಳ ಮೇಲೆ ಸಿಕ್ಕ ಗೆಳೆಯರು, ಎಲ್ಲವೂ ಒಂದೇ ಬೀದಿಯಲ್ಲಿ ಕೂಡುತ್ತವೆ. ಇವಲ್ಲದೆ ಮಳೆ ನಿಂತ ಮೇಲೆ ಗದ್ದೆಯ ಬಯಲಿನಲ್ಲಿ ಬೆಳಗಿನವರೆಗೆ ನಡೆಯುವ ಯಕ್ಷಗಾನವಿತ್ತು. ಆದರೆ ಜಾತ್ರೆ ಎದ್ದುಹೋದ ಮರುದಿನ ಬೀದಿ ಬರಿದಾಗುತ್ತದೆ. ಮಾತು ಮುಂದುವರಿಯಬೇಕಾದರೆ ಮತ್ತೆ ಮತ್ತೆ ಸೇರುವ ಜನ ಬೇಕು.

ಅದು ಒದಗಿದ್ದು ಹೆಗ್ಗೋಡಿನಲ್ಲಿ. ಸಾಗರದಿಂದ ಎಂಟು ಹತ್ತು ಕಿಲೋಮೀಟರಿನ ಈ ಊರಿನಲ್ಲಿ 1949ರಲ್ಲಿ ಶ್ರೀ ನೀಲಕಂಠೇಶ್ವರ ನಾಟ್ಯ ಸೇವಾ ಸಂಸ್ಥೆ ಹುಟ್ಟಿತು. ನೀನಾಸಂ ಎಂಬುದು ಅದರ ಕಿರಿದಾದ ಹೆಸರು. ಅಡಕೆಯ ತೋಟಗಾರರ ಹವ್ಯಾಸಿ ತಂಡವೊಂದು ಹಬ್ಬಹುಣ್ಣಿಮೆಗೆ ನಾಟಕವಾಡುವುದು ಆ ಕಾಲದಲ್ಲಿ ವಿಶೇಷವೇನಲ್ಲ. ಇಂತಹ ಸಂಘಗಳು ನಾಡಿನಲ್ಲಿ ಎಷ್ಟೋ ಹುಟ್ಟಿ ಅಳಿದುವು. ಇದು ಉಳಿದು ಬೆಳೆದದ್ದಕ್ಕೆ ಕೆ. ವಿ. ಸುಬ್ಬಣ್ಣನವರು ಮುಖ್ಯ ಕಾರಣ. ಅವರು ನಗರದಿಂದ ಕಲೆಯನ್ನು ತಂದು ಹಳ್ಳಿಗೆ ದಾನಮಾಡುವ ಮನೋಭಾವದವರಾಗಿರಲಿಲ್ಲ. ಲೋಕದಲ್ಲಿ ಒಳ್ಳೆಯದೆನಿಸಿದುದು ತನ್ನೂರಿನ ನೆರೆಯವನಿಗೂ ಸಲ್ಲಬೇಕು, ಅವನು ಅದನ್ನು ತನ್ನ ಬುದ್ಧಿಯಿಂದಲೇ ತೂಗಿ ನೋಡಬಲ್ಲ ಎಂಬ ನಂಬಿಕೆ ಅವರ ಕೆಲಸದಲ್ಲಿ ಎದ್ದು ಕಾಣುತ್ತದೆ. 1972ರಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರ, 1970ರ ದಶಕದಲ್ಲಿಯೇ ಚಿತ್ರಸಮಾಜ, 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ‘ತಿರುಗಾಟ’ ಎಂಬ ಸಂಚಾರಿ ತಂಡ, ಹೀಗೆ ಒಂದಾದ ಮೇಲೊಂದು ಬಂದುವು. ಸತ್ಯಜಿತ್ ರಾಯ್, ಕುರೊಸಾವ ಮೊದಲಾದವರ ಚಿತ್ರಗಳನ್ನು ಬೆಂಗಳೂರಿನ ಪದವೀಧರರು ಹೆಸರಿನಿಂದ ಮಾತ್ರ ಬಲ್ಲ ಕಾಲದಲ್ಲಿ ಹೆಗ್ಗೋಡಿನ ರೈತರು ನೋಡಿ ಚರ್ಚೆ ಮಾಡಿದರು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. 2005ರಲ್ಲಿ ಅವರು ತೀರಿಕೊಂಡರು.

ಇವಿಷ್ಟನ್ನು ವರದಿಯಂತೆ ಹೇಳಿಬಿಟ್ಟರೆ ವಿಷಯದ ತಿರುಳು ಕೈಗೆ ಸಿಕ್ಕುವುದಿಲ್ಲ. ಸಂಜೆ ಹೇಗೆ ಕಟ್ಟಲ್ಪಡುತ್ತದೆ ಎಂಬುದನ್ನು ನೋಡಬೇಕು. ಹಗಲು ತೋಟದಲ್ಲಿ, ಅಂಗಡಿಯಲ್ಲಿ, ಶಾಲೆಯಲ್ಲಿ ದುಡಿದ ಗಂಡಸರೂ ಹೆಂಗಸರೂ ಸಂಜೆ ತಾಲೀಮಿಗೆ ಬರುತ್ತಾರೆ. ನಿನ್ನೆ ಅಡಕೆಯ ಧಾರಣೆ ಹೇಳಿದವನು ಇಂದು ರಾಜನಾಗಿ ನಿಲ್ಲುತ್ತಾನೆ. ನೋಡುವವರಿಗೆ ಅವನ ಮನೆಯ ಜಗಳವೂ ಗೊತ್ತು, ಸಾಲವೂ ಗೊತ್ತು; ಆದುದರಿಂದ ಅವನು ಚೆನ್ನಾಗಿ ಮಾಡಿದಾಗ ಅವರಿಗೆ ಆಗುವ ಆಶ್ಚರ್ಯ ನಗರದ ಪ್ರೇಕ್ಷಕನಿಗೆ ಆಗಲಾರದು. ನಾಟಕ ಮುಗಿದ ಮೇಲೆ ಮರುದಿನ ಬೆಳಗ್ಗೆ ಹೋಟೆಲಿನಲ್ಲಿ, ಹಾಲಿನ ಡೈರಿಯ ಮುಂದೆ, ಬಸ್ಸಿನಲ್ಲಿ ಮಾತು ನಡೆಯುತ್ತದೆ. ವಾತ್ಸ್ಯಾಯನನು ಮರುದಿನಕ್ಕೆ ಇಟ್ಟದ್ದು ನಟರ ಹಣವನ್ನು. ಇಲ್ಲಿ ಮರುದಿನ ಸಲ್ಲುವುದು ವಿಮರ್ಶೆ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಲಂಡನ್ನಿನಲ್ಲಿ ಪತ್ರಿಕೆ ನಡೆಸುತ್ತಿದ್ದ ಅಡಿಸನ್ನನು, ತತ್ತ್ವವಿಚಾರವನ್ನು ಪಂಡಿತರ ಕೋಣೆಯಿಂದ ಬಿಡಿಸಿ ಕಾಫಿಯ ಅಂಗಡಿಗೆ ತರುವುದು ತನ್ನ ಆಸೆಯೆಂದು ಬರೆದುಕೊಂಡಿದ್ದ. ನಮ್ಮ ಕಾಲೇಜುಗಳಲ್ಲಿ ಆ ವಾಕ್ಯವನ್ನು ತಲೆಮಾರುಗಳಿಂದ ಪಾಠ ಹೇಳಿಕೊಂಡು ಬಂದಿದ್ದೇವೆ. ಕಾರ್ಯದಲ್ಲಿ ಮಾಡಿ ತೋರಿಸಿದವರು ಕಡಮೆ.

ಪ್ರತಿವರ್ಷ ಅಕ್ಟೋಬರಿನ ಸುಮಾರಿಗೆ ಅಲ್ಲಿ ಸಂಸ್ಕೃತಿ ಶಿಬಿರ ನಡೆಯುತ್ತದೆ. ಬೆಂಗಳೂರು, ಮೈಸೂರು, ಧಾರವಾಡ, ಮಂಗಳೂರುಗಳಿಂದ ಅಧ್ಯಾಪಕರು, ವಿದ್ಯಾರ್ಥಿಗಳು, ಗೃಹಿಣಿಯರು, ಕಚೇರಿಯ ನೌಕರರು ಬಂದು ಕೆಲವು ದಿನ ತಂಗುತ್ತಾರೆ. ಹಗಲು ಉಪನ್ಯಾಸ, ವಾದ. ಸಂಜೆ ನಾಟಕ, ಸಂಗೀತ. ನಡುವೆ ಊಟದ ಸಾಲು. ನಗರದವರು ನಗರದ ಸುಖಕ್ಕಾಗಿ ಹಳ್ಳಿಗೆ ಪ್ರಯಾಣ ಮಾಡುವ ಈ ವಿಪರ್ಯಾಸಕ್ಕೆ ಕಾರಣ ಸುಲಭವಾಗಿಯೇ ಇದೆ. ಬೆಂಗಳೂರಿನಲ್ಲಿ ಒಳ್ಳೆಯ ರಂಗಮಂದಿರಗಳಿಗೆ ಬಡತನವಿಲ್ಲ. 2004ರಲ್ಲಿ ತೆರೆದ ರಂಗಶಂಕರದಲ್ಲಿ ನಾಟಕವೂ ಉಪಾಹಾರವೂ ಪುಸ್ತಕವೂ ಒಂದೇ ಸೂರಿನಡಿ ದೊರೆಯುವಂತೆ ಜಾಣತನದಿಂದ ಏರ್ಪಡಿಸಿದ್ದಾರೆ. ಆದರೆ ಅಲ್ಲಿಗೆ ತಲುಪುವಷ್ಟರಲ್ಲಿ ಸಂಜೆಯ ಅರ್ಧಭಾಗವನ್ನು ರಸ್ತೆಯೇ ನುಂಗಿರುತ್ತದೆ. ಮುಗಿದೊಡನೆ ಮನೆಯ ದಾರಿಯ ಚಿಂತೆ ಹತ್ತುತ್ತದೆ. ಮಾತಿಗೆ ಹೊತ್ತೆಲ್ಲಿ?

ಇನ್ನು ಉಡಿಗೆಯ ವಿಷಯ. ಹಿಂದೆ ಉಡಿಗೆಯು ಮನುಷ್ಯನ ಜಾತಿಯನ್ನೂ ಅಂತಸ್ತನ್ನೂ ದೂರದಿಂದಲೇ ಸಾರುತ್ತಿತ್ತು. ಯಾರು ಏನನ್ನು ಉಡಬೇಕೆಂಬುದನ್ನು ಉಡುವವನು ನಿರ್ಧರಿಸುತ್ತಿರಲಿಲ್ಲ. ಪೇಟೆಯ ಬಟ್ಟೆಯ ಅಂಗಡಿ ಆ ಕಟ್ಟನ್ನು ಸಡಿಲಿಸಿತು; ದುಡ್ಡಿದ್ದವನು ಬೇಕಾದುದನ್ನು ಕೊಂಡು ತೊಡಬಹುದಾಯಿತು. ಫ್ಯಾಷನ್ನನ್ನು ಹೀಯಾಳಿಸುವ ಗುರುಹಿರಿಯರು ಈ ಉಪಕಾರವನ್ನು ಮರೆಯಬಾರದು. ಅದರ ದೋಷ ಬೇರೆ ಕಡೆ ಇದೆ: ಬಟ್ಟೆಯನ್ನು ಮಾಡಿದವರ ಮುಖ ತೊಟ್ಟವನಿಗೆ ಕಾಣುವುದಿಲ್ಲ. ಹೆಗ್ಗೋಡಿನ ಸಮೀಪದ ಭೀಮನಕೋಣೆಯಲ್ಲಿ 1990ರ ದಶಕದಲ್ಲಿ ನಾಟಕಕಾರ ಪ್ರಸನ್ನ ಅವರ ಪ್ರೇರಣೆಯಿಂದ ಆರಂಭವಾದ ‘ಚರಕ’ ಎಂಬ ಮಹಿಳೆಯರ ಸಹಕಾರಿ ಸಂಘವು ಈ ದೋಷಕ್ಕೆ ಒಂದು ಉತ್ತರವನ್ನು ಹುಡುಕಿತು. ಕೈಮಗ್ಗದಲ್ಲಿ ನೇಯ್ದು, ಗಿಡಮರಗಳ ಬಣ್ಣ ಹಾಕಿ, ಹೊಲಿದ ಜುಬ್ಬ, ಸೀರೆ, ಹೊದಿಕೆಗಳು ‘ದೇಸಿ’ ಎಂಬ ಹೆಸರಿನ ಅಂಗಡಿಗಳ ಮೂಲಕ ನಗರಗಳನ್ನು ತಲುಪಿದುವು. ಬಣ್ಣದ ಕೆಲಸವನ್ನು ಸ್ವಲ್ಪ ವಿವರಿಸಬೇಕು. ಎಳೆಯ ಅಡಕೆಯನ್ನು ಸುಲಿದು ಬೇಯಿಸಿದಾಗ ಹಂಡೆಯಲ್ಲಿ ಉಳಿಯುವ ಕೆಂಗಂದು ರಸಕ್ಕೆ ಚೊಗರು ಎಂದು ಹೆಸರು. ತೋಟಗಾರನ ಹಂಡೆಯಲ್ಲಿ ಉಳಿದ ಈ ಚೊಗರು ನೂಲಿಗೆ ಹತ್ತಿದರೆ ಕೆಂಪುಮಿಶ್ರಿತ ಕಂದು ಬಣ್ಣ ಬರುತ್ತದೆ. ದಾಳಿಂಬೆಯ ಸಿಪ್ಪೆಯಿಂದ ಹಳದಿ, ನೀಲಿಯ ಗಿಡದಿಂದ ನೀಲಿ. ಹೀಗೆ ಆ ನಾಡಿನ ಮುಖ್ಯ ಬೆಳೆಯೇ ಆ ನಾಡಿನ ಬಟ್ಟೆಯ ಬಣ್ಣವೂ ಆಯಿತು. ಬೆಂಗಳೂರಿನ ಸಭೆಗಳಲ್ಲಿ ಇಂತಹ ಜುಬ್ಬ ತೊಟ್ಟವರನ್ನು ಕಂಡರೆ ಇವರು ಓದುಬರಹದ ಗುಂಪಿನವರು ಎಂದು ಗುರುತಿಸಬಹುದಾದಷ್ಟು ಅದು ಒಂದು ಫ್ಯಾಷನ್ ಆಗಿಬಿಟ್ಟಿತು. ಇದನ್ನು ನೋಡಿ ನಾವು ಒಂದಿಷ್ಟು ನಕ್ಕದ್ದೂ ಉಂಟು, ಅದನ್ನೇ ತೊಟ್ಟದ್ದೂ ಉಂಟು.

ಆದರೆ ಕೈಕೆಲಸದ ಬಟ್ಟೆ ಗಿರಣಿಯ ಬಟ್ಟೆಯೊಡನೆ ಬೆಲೆಯಲ್ಲಿ ಸ್ಪರ್ಧಿಸಲಾರದು. ಮಗ್ಗದಲ್ಲಿ ಒಂದು ದಿನಕ್ಕೆ ಆಗುವುದು ಕೆಲವೇ ಗಜ; ಆ ಗಜಗಳಲ್ಲಿಯೇ ನೇಕಾರಳ ಕೂಲಿ, ಬಣ್ಣದವಳ ಕೂಲಿ, ಹೊಲಿಗೆಯವಳ ಕೂಲಿ ಎಲ್ಲವೂ ಹುಟ್ಟಬೇಕು. 2017ರಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದಾಗ ಕೈಉತ್ಪನ್ನಗಳಿಗೆ ತೆರಿಗೆ ಇರಕೂಡದೆಂದು ಪ್ರಸನ್ನ ಅವರು ಬೆಂಗಳೂರಿನಲ್ಲಿ ಉಪವಾಸ ಕುಳಿತರು. 2020ರಲ್ಲಿ ಸಂಘವು ತನ್ನ ಹಣದ ಮುಗ್ಗಟ್ಟನ್ನು ಬಹಿರಂಗವಾಗಿಯೇ ಹೇಳಿಕೊಳ್ಳಬೇಕಾಯಿತು. ಸಭೆಯಲ್ಲಿ ಮೆಚ್ಚುಗೆ ಪಡೆಯುವ ಬಟ್ಟೆಗೂ ಮಗ್ಗದಲ್ಲಿ ಕುಳಿತವಳ ತಿಂಗಳ ಸಂಬಳಕ್ಕೂ ನಡುವೆ ಇರುವ ದೂರವನ್ನು ಇದರಿಂದ ಅಳೆಯಬಹುದು.

ಊಟದ ಮಾತಿಗೆ ಬಂದರೆ ನಮ್ಮ ವಾಚಕರಲ್ಲಿ ಮಲೆನಾಡಿನವರು ಯಾರಾದರೂ ಇದ್ದರೆ ಅವರಿಗೆ ಈ ಭಾಗವೇ ಚಿಕ್ಕದಾಯಿತೆನಿಸುವುದು ಖಂಡಿತ. ಅಪ್ಪೆಮಿಡಿಯ ಉಪ್ಪಿನಕಾಯಿ, ಕಳಲೆಯ ಪಲ್ಯ, ಕೆಸುವಿನೆಲೆಯ ಪತ್ರೊಡೆ, ಹಲಸಿನ ಹಣ್ಣಿನ ಕಡುಬು, ತಂಬುಳಿ, ಜೋನಿಬೆಲ್ಲದೊಡನೆ ದೋಸೆ, ಕಾದ ಮಡಕೆಯ ಬೆನ್ನಿನ ಮೇಲೆ ಕಬ್ಬಿನಹಾಲು ಬೆರಸಿದ ಅಕ್ಕಿಹಿಟ್ಟನ್ನು ಸವರಿ ಕಾಗದದಂತೆ ಬಿಡಿಸುವ ತೊಡದೇವು. ಇತ್ತ ಮಾಂಸಾಹಾರಿಗಳ ಮನೆಗಳಲ್ಲಿ ಕಡುಬಿನೊಡನೆ ಕೋಳಿಯ ಸಾರು. ಇವುಗಳಲ್ಲಿ ಬಹುಭಾಗ ಈಗ ಬೆಂಗಳೂರಿನಲ್ಲಿಯೂ ಸಿಕ್ಕುತ್ತವೆ. ರುಚಿಯ ವಿಷಯವನ್ನು ಅವರವರ ನಾಲಗೆಗೆ ಬಿಟ್ಟು ನಾವು ಪಂಕ್ತಿಯ ವಿಷಯವನ್ನು ನೋಡೋಣ. ಹಳೆಯ ಊರಿನಲ್ಲಿ ಅಡಿಗೆ ಎಷ್ಟೇ ಸೊಗಸಾಗಿರಲಿ, ಯಾರು ಯಾರೊಡನೆ ಕುಳಿತು ಉಣ್ಣಬಹುದೆಂಬುದು ಹುಟ್ಟಿನಿಂದಲೇ ಗೊತ್ತಾಗಿತ್ತು. ಪೇಟೆಯ ಹೋಟೆಲೂ ಮೊದಮೊದಲು ಒಳಗೆ ಬೇರೆ, ಹೊರಗೆ ಬೇರೆ ಎಂದು ಸಾಲು ಮಾಡಿಯೇ ಇಟ್ಟಿತ್ತು. ಆಮೇಲೆ ವ್ಯಾಪಾರವೇ ಆ ಗೋಡೆಯನ್ನು ಒಡೆಯಿತು. ಅಪರಿಚಿತನ ಪಕ್ಕದಲ್ಲಿ ಕುಳಿತು, ಅವನ ಕುಲವನ್ನು ಕೇಳದೆ, ಒಂದು ಲೋಟ ಕಾಫಿ ಕುಡಿಯುವುದನ್ನು ನಾವು ಕಲಿತದ್ದು ಧರ್ಮಗ್ರಂಥದಿಂದಲ್ಲ, ಹೋಟೆಲಿನಿಂದ.

ಬಿಡುವಿನ ಮಾತೂ ಹೀಗೆಯೇ. ಸಂಜೆಯನ್ನು ಸುಖವಾಗಿ ಕಳೆಯುವವನ ಹಿಂದೆ ಹಗಲೆಲ್ಲ ದುಡಿದವನೊಬ್ಬ ಇರುತ್ತಾನೆ. ಸಾಗರದ ಬಳಿಯ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದರು. ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಗಾತ್ರವೇ ಜಗಳದ ಮೂಲ. ರಾಮಮನೋಹರ ಲೋಹಿಯಾ ಅವರು ಅಲ್ಲಿಗೆ ಬಂದು ಬಂಧಿತರಾದದ್ದರಿಂದ ಅದರ ಸುದ್ದಿ ದೇಶಕ್ಕೆಲ್ಲ ತಿಳಿಯಿತು. ಆ ಗೇಣಿದಾರರಲ್ಲಿ ಹೆಚ್ಚಿನವರು ದೀವರು. ಅವರ ಮನೆಗಳಲ್ಲಿಯೇ ಚಿತ್ತಾರವೆಂಬ ಸೂಕ್ಷ್ಮವಾದ ಕಲೆ ಬೆಳೆದು ಬಂದಿದೆ: ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿನಾರಿನ ಕುಂಚದಿಂದ ಅಕ್ಕಿಹಿಟ್ಟಿನ ಬಿಳಿಗೆರೆಗಳು, ಕಪ್ಪಿಗೆ ಸುಟ್ಟ ಅಕ್ಕಿ, ಹಳದಿಗೆ ಗುರಿಗೆಯ ಕಾಯಿ. ಭೂಮಿಹುಣ್ಣಿಮೆಗೆ ಮುಂಚೆ ಹೆಂಗಸರು ಬುಟ್ಟಿಗೆ ಮಣ್ಣು ಬಳಿದು ಚಿತ್ತಾರ ಬರೆಯುತ್ತಾರೆ. ಅದಕ್ಕೆ ಭೂಮಣ್ಣಿಬುಟ್ಟಿ ಎನ್ನುವರು. ರಾತ್ರಿಯೆಲ್ಲ ಅಡಿಗೆಮಾಡಿ, ಬೆಳಗಿನ ಜಾವದಲ್ಲಿ ಆ ಬುಟ್ಟಿಯಲ್ಲಿ ಹೊತ್ತು ಹೋಗಿ, ಬಸುರಿಯಾದ ಗದ್ದೆಗೆ ಎಡೆಯಿಟ್ಟು ಚರಗ ಚೆಲ್ಲಿ, ಮನೆಯವರು ಗದ್ದೆಯಲ್ಲಿಯೇ ಕುಳಿತು ಉಣ್ಣುತ್ತಾರೆ. ಇಕ್ಕೇರಿಯ ಬೀದಿಯಲ್ಲಿ ಇಟಲಿಯವನು ಕಂಡ ಆ ಕೂಟ, ಎಂದರೆ ಕಲೆ, ಸಿಂಗಾರ, ಒಡನಾಟಗಳು ಒಂದೇ ಎಡೆಯಲ್ಲಿ ಸೇರುವುದು, ಈ ಹೆಂಗಸರ ಕೈಯಲ್ಲಿ ಬಿಡದೆ ಉಳಿಯಿತು. ನಗರದಲ್ಲಿ ಈಗ ಚಿತ್ತಾರವನ್ನು ಚೌಕಟ್ಟು ಹಾಕಿಸಿ ಬೈಠಕಖಾನೆಯಲ್ಲಿ ತೂಗುಹಾಕುವುದುಂಟು. ತಪ್ಪೇನೂ ಇಲ್ಲ, ಬರೆದವಳಿಗೆ ನಾಲ್ಕು ಕಾಸು ಸಿಕ್ಕರೆ ಒಳ್ಳೆಯದೇ. ಹುಣ್ಣಿಮೆ ಮಾತ್ರ ಚೌಕಟ್ಟಿನೊಳಕ್ಕೆ ಬರುವುದಿಲ್ಲ.

ಇನ್ನು ಕೊನೆಯದು ಸ್ನೇಹ. ಇದಕ್ಕೆ ದಾರಿ ಬೇಕು, ದೀಪ ಬೇಕು, ಹಿಂತಿರುಗುವ ಭರವಸೆ ಬೇಕು. ಸಿಗಂದೂರಿನ ಕಡೆಯ ಜನರ ಕಥೆಯಿಂದ ಇದು ಚೆನ್ನಾಗಿ ತಿಳಿಯುತ್ತದೆ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟೆ ಮುಗಿದಾಗ ಸುಮಾರು 300 ಚದರ ಕಿಲೋಮೀಟರಿನಷ್ಟು ನೆಲ ನೀರಿನಡಿ ಹೋಯಿತು. ಎಷ್ಟೋ ಊರುಗಳು ಮುಳುಗಿದುವು. ಉಳಿದ ತುಮರಿ, ಸಿಗಂದೂರುಗಳ ಭಾಗಕ್ಕೂ ಸಾಗರದ ಪೇಟೆಗೂ ನಡುವೆ ಹಿನ್ನೀರು ನಿಂತಿತು. ಶರಾವತಿಯ ಕಣಿವೆಯಲ್ಲಿ ಹುಟ್ಟಿದ ವಿದ್ಯುತ್ತು ಬೆಂಗಳೂರಿನ ಕಾರ್ಖಾನೆಗಳನ್ನು ನಡೆಸಿತು, ಬೀದಿಗಳನ್ನು ಬೆಳಗಿತು, ನಾಟಕಮಂದಿರಗಳಿಗೂ ಚಿತ್ರಮಂದಿರಗಳಿಗೂ ಬೆಳಕು ಕೊಟ್ಟಿತು. ನಾವು ನಗರದ ಸಂಜೆ ಎಂದು ಹೊಗಳಿಕೊಳ್ಳುವುದರಲ್ಲಿ ದೊಡ್ಡ ಪಾಲು ಆ ನೀರಿನಿಂದ ಬಂದದ್ದು. ಆ ನೀರಿಗೆ ನೆಲ ಕೊಟ್ಟವರ ಅನೇಕ ಮನೆಗಳಿಗೆ ದೀಪ ಬಹಳ ತಡವಾಗಿ ತಲುಪಿತು. ಸಾಗರದಲ್ಲಿಯೇ ಬಾಳಿದ ಕಾದಂಬರಿಕಾರ ನಾ. ಡಿಸೋಜ ಅವರು ಈ ಮುಳುಗಡೆಯ ದುಃಖವನ್ನು ತಮ್ಮ ಕೃತಿಗಳಲ್ಲಿ ಬರೆದಿಟ್ಟರು. ಅವರ ‘ದ್ವೀಪ’ವನ್ನು ತೀರ್ಥಹಳ್ಳಿಯ ಕಡೆಯವರೇ ಆದ ಗಿರೀಶ ಕಾಸರವಳ್ಳಿಯವರು ಚಲನಚಿತ್ರವಾಗಿ ಮಾಡಿದರು. ಶರಾವತಿಯ ಬೆಳಕಿನಲ್ಲಿಯೇ ಕುಳಿತು ನಗರದವರು ಅದನ್ನು ನೋಡಿ ಮೆಚ್ಚಿಕೊಂಡರು.

ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಲಾಂಚೇ ದಾರಿಯಾಗಿತ್ತು. ಬಸ್ಸು, ಕಾರು, ಮೋಟಾರುಸೈಕಲ್ಲು, ಅಡಕೆಯ ಮೂಟೆ, ಶಾಲೆಯ ಮಕ್ಕಳು, ಚೌಡೇಶ್ವರಿಯ ದರ್ಶನಕ್ಕೆ ಹೊರಟ ಯಾತ್ರಿಕರು, ಎಲ್ಲವನ್ನೂ ಹೊತ್ತು ಅದು ನಿಧಾನವಾಗಿ ದಾಟುತ್ತಿತ್ತು. ಸಂಜೆಯ ಕೊನೆಯ ಲಾಂಚು ಹೋಯಿತೆಂದರೆ ಆ ದಿನ ಮುಗಿಯಿತು. ರಾತ್ರಿ ಹೆರಿಗೆಯ ನೋವು ಬಂದವಳ ಗತಿಯನ್ನು ಹೇಳಬೇಕಾದದ್ದಿಲ್ಲ. ಅದರ ಮುಂದೆ ನಾಟಕದ ಮಾತು ಹಗುರವಾಗಿ ಕಾಣಬಹುದು. ಆದರೂ ಹೇಳಲೇಬೇಕು: ಸಾಗರದಲ್ಲಿ ಆರೂವರೆಗೆ ತೆರೆ ಏಳುವ ನಾಟಕ ತುಮರಿಯವನಿಗೆ ಇರಲಿಲ್ಲ, ಆ ಕಡೆಯ ಗೆಳೆಯನ ಮದುವೆಯ ಆರತಕ್ಷತೆ ಇರಲಿಲ್ಲ, ಹರಟೆ ಹೊಡೆದು ಹತ್ತು ಗಂಟೆಗೆ ಮನೆ ಸೇರುವ ಸುಖ ಇರಲಿಲ್ಲ. ಇಷ್ಟಾದರೂ ಆ ಜನ ಕೈಕಟ್ಟಿ ಕೂಡಲಿಲ್ಲ. ರಂಗನಿರ್ದೇಶಕ ಕೆ. ಜಿ. ಕೃಷ್ಣಮೂರ್ತಿಯವರು ತುಮರಿಯಲ್ಲಿಯೇ ‘ಕಿನ್ನರಮೇಳ’ವನ್ನು ಕಟ್ಟಿ, ಮಕ್ಕಳ ನಾಟಕಗಳನ್ನು ನೀರಿನ ಆಚೆಯಿಂದ ನಾಡಿನ ಊರೂರಿಗೆ ಕೊಂಡೊಯ್ದರು. ದೀಪ ಹೋದ ದಿಕ್ಕಿಗೇ ನಾಟಕವೂ ಹೋಯಿತು. ಲಾಂಚಿನ ಕಟ್ಟೆಯೂ ಒಂದು ಗೋಷ್ಠಿಯೇ ಆಗಿತ್ತೆಂದು ಕೆಲವರು ಸ್ಮರಿಸುವುದುಂಟು. ಕಾಯುವುದು ಅನಿವಾರ್ಯವಾದಾಗ ಮನುಷ್ಯ ಪಕ್ಕದವನೊಡನೆ ಮಾತನಾಡುತ್ತಾನೆ. ಆದರೆ ಇಂತಹ ಸ್ಮರಣೆಯನ್ನು ಮಾಡುವ ಹಕ್ಕು ಅಲ್ಲಿಯೇ ಕಾದವರಿಗೆ ಉಂಟು. ವರ್ಷಕ್ಕೊಮ್ಮೆ ಹೋಗಿ ಚಿತ್ರ ತೆಗೆದುಕೊಂಡು ಬಂದವರಿಗಿಲ್ಲ.

2025ರ ಜುಲೈ 14ರಂದು ಆ ನೀರಿನ ಮೇಲೆ ಸೇತುವೆ ತೆರೆಯಿತು. ಎರಡೂವರೆ ಕಿಲೋಮೀಟರಿಗೆ ತುಸು ಕಡಮೆ ಉದ್ದ, ಉಕ್ಕಿನ ಹಗ್ಗಗಳಿಂದ ಹಿಡಿದು ನಿಲ್ಲಿಸಿದ ಕಟ್ಟಡ. ಮುಂಚೆ ಸರದಿಗಾಗಿ ಗಂಟೆಗಟ್ಟಲೆ ಕಾಯುತ್ತಿದ್ದ ಕಾರುಗಳು ಈಗ ನಿಮಿಷಗಳಲ್ಲಿ ದಾಟುತ್ತವೆ. ಯಾತ್ರಿಕರಿಗೆ ಇದರಿಂದ ಆದ ಅನುಕೂಲವನ್ನು ಪತ್ರಿಕೆಗಳೆಲ್ಲ ಬರೆದುವು: ಬೆಳಗ್ಗೆ ಸಿಗಂದೂರು, ಮಧ್ಯಾಹ್ನ ಕೊಲ್ಲೂರು, ರಾತ್ರಿಗೆ ಇನ್ನೊಂದು ಊರು. ಹೀಗೆ ಹೋಗುವವರು ದರ್ಶನಮಾಡಿ, ಊಟಮಾಡಿ, ಆ ನಾಡಿನವರೊಬ್ಬರೊಡನೆಯೂ ನಾಲ್ಕು ಮಾತನಾಡದೆ ಬರಬಹುದು. ಮುಂಚೆ ಲಾಂಚು ಅವರನ್ನು ಬಲವಂತದಿಂದಲಾದರೂ ನಿಲ್ಲಿಸುತ್ತಿತ್ತು.

ನಮಗೆ ಹೆಚ್ಚು ಕುತೂಹಲವಿರುವುದು ಎದುರು ದಿಕ್ಕಿನ ಸಂಚಾರದಲ್ಲಿ. ಕತ್ತಲಾದ ಮೇಲೆ ಕಳಸವಳ್ಳಿಯ ಕಡೆಯಿಂದ ಸಾಗರಕ್ಕೆ ಬರುವ ಗಾಡಿಗಳಲ್ಲಿ ಆಸ್ಪತ್ರೆಗೆ ಹೊರಟವರು ಇರುತ್ತಾರೆ, ಸಂತೆಯ ಸಾಮಾನಿನವರು ಇರುತ್ತಾರೆ. ಅವರ ನಡುವೆ ಹೆಗ್ಗೋಡಿನ ನಾಟಕಕ್ಕೆಂದು ಹೊರಟ ಮನೆಯೊಂದು, ಮಾರಿಕಾಂಬೆಯ ಜಾತ್ರೆಯ ಕಂಪನಿನಾಟಕದ ಎರಡನೆಯ ಆಟ ನೋಡಿಕೊಂಡೇ ಹಿಂತಿರುಗೋಣವೆನ್ನುವ ಹುಡುಗರು, ಸಾಗರದ ಗೆಳತಿಯ ಮನೆಯಲ್ಲಿ ಊಟಮುಗಿಸಿ ಹನ್ನೊಂದು ಗಂಟೆಗೆ ಸೇತುವೆ ದಾಟುವ ಹೆಂಗಸರು ಇದ್ದರೆ, ಅರವತ್ತು ವರ್ಷದ ಹಿಂದೆ ನೀರು ಕೊಂಡುಹೋದ ಸಂಜೆಯ ಮೊದಲ ಕಂತು ಅವರಿಗೆ ಸಂದಂತಾಗುತ್ತದೆ. ಅದಕ್ಕೆ ಸೇತುವೆಯೊಂದೇ ಸಾಲದು. ಸ್ವಂತ ಗಾಡಿಯಿಲ್ಲದವರಿಗೆ ಆ ಹೊತ್ತಿನಲ್ಲಿ ಸಾಗರದಿಂದ ತುಮರಿಗೆ ಹೊರಡುವ ಒಂದು ಬಸ್ಸೂ ಬೇಕು.